ಹಳೇ ಪುಟದ ಹೊಸ ಬಣ್ಣ

ಔಷಧ ಹಾಕಿ ತೊಳೆಯುತ್ತಿದ್ದ ಟ್ಯಾಂಕಿನ ನೀರನ್ನು ಮಂಗಳವಾರ ಬೆಳಿಗ್ಗೆ ತಗ್ಗಿನ ಬೀದಿಗೆ ಬಿಡಲಾಯಿತು. ನಾಲ್ಕು ಮಕ್ಕಳು ಸತ್ತವು. ಬಿಡು ಎಂದು ಫೋನಿನಲ್ಲಿ ಹೇಳಿದವರು ಮರುದಿನ ಕಚೇರಿಗೆ ಹೋದರು. ವಾಲ್ವ್ ತಿರುಗಿಸಿದವನು ಜೈಲಿಗೆ ಹೋದ.

ಅವನನ್ನು ಅಲ್ಲೇ ಉಳಿಸಬಲ್ಲ ಪುಟವೊಂದು ಈಗ ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಂಡಿತ್ತು.

"ಇದು ನಿನ್ನೆ ನಾನು ನೋಡಿದ ಪುಟಾನೇ ತಾನೆ?" ಟಪಾಲಕ್ಕ ಕೇಳಿದಳು.

"ಅದೇ," ಎಂದಳು ಕಣಜದ ಮೇಡಂ.

"ಅದೇ ಅಂದ್ರೆ ಅದೇನಾ, ಅದರ ತಂಗಿನಾ?"

ಕಣಜದ ಮೇಡಂ ನಗಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

ಆ ಕೋಣೆಯ ಬಾಗಿಲ ಮೇಲೆ ಉದ್ದನೆಯ ಹೆಸರೊಂದಿದೆ. ಅದನ್ನು ಉಸಿರು ತೆಗೆದುಕೊಳ್ಳದೆ ಪೂರ್ತಿ ಓದಿದವರಿಲ್ಲ. ಗ್ರಂಥಾಲಯದವರಿಗೆಲ್ಲ ಅದು ಕಣಜ. ಊರಿನ ಪತ್ರಿಕೆ, ಕಚೇರಿ, ಶಾಲೆ, ಸಂಘಗಳ ಜಾಲತಾಣಗಳು ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ತಿದ್ದುತ್ತಾರೆ, ಅಳಿಸುತ್ತಾರೆ, ಅಂಗಡಿ ಮುಚ್ಚಿಕೊಂಡು ಹೋಗುತ್ತಾರೆ. ಅದಕ್ಕೇ ಪ್ರತಿ ಸೋಮವಾರ ಇಲ್ಲಿಂದ ಒಂದು ತಂತ್ರಾಂಶ ಹೊರಟು, ತಾಣದಿಂದ ತಾಣಕ್ಕೆ ಹರಿದು, ಆ ದಿನದ ಪುಟಗಳ ಪ್ರತಿಯನ್ನು ಹೊತ್ತು ತಂದು ಹಾಕುತ್ತದೆ. ಅದಕ್ಕೆ ಇಲ್ಲಿ ಜೇಡ ಎನ್ನುತ್ತಾರೆ. ಜೇಡ ತಂದದ್ದನ್ನು ಕಾಯುವವಳು ಕಣಜದ ಮೇಡಂ.

ಟಪಾಲಕ್ಕನ ಹೆಸರು ಅಂಚೆ ಕಚೇರಿಯದು. ವಿಳಾಸ ಸಿಗದ, ದಾರಿ ತಪ್ಪಿದ, ಯಾರೋ ಒಡೆದು ಮತ್ತೆ ಅಂಟಿಸಿದ ಕಾಗದಗಳ ವಿಭಾಗದಲ್ಲಿ ಅರ್ಧ ಆಯಸ್ಸು ಕಳೆದವಳು. ಅಂಟಿಸಿದವರು ಮೇಲಧಿಕಾರಿಗಳೇ ಎಂದು ಬರೆದುಕೊಟ್ಟ ದಿನ ಕೆಲಸ ಹೋಯಿತು. ಈಗ ಕೇಳಿದವರಿಗೆ ಪತ್ತೆ ಕೆಲಸ ಮಾಡಿಕೊಡುತ್ತಾಳೆ.

ಈ ಸಲ ಕೇಳಿದವಳು ಅವಳ ಪಕ್ಕದಲ್ಲೇ, ಕುರ್ಚಿ ಎಳೆದುಕೊಟ್ಟರೂ ಕೂರದೆ ನಿಂತಿದ್ದಳು. ವಾಲ್ವ್‌ನವನ ಹೆಂಡತಿ. ಬಟ್ಟೆ ಹೊಲಿಯುವವಳು. ಬೀದಿಯವರು ಅವಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದರು. ಹೊಲಿದಿಟ್ಟದ್ದನ್ನು ಒಯ್ಯುವುದಕ್ಕೂ ಬರುತ್ತಿರಲಿಲ್ಲ. ಸತ್ತ ಮಕ್ಕಳಲ್ಲಿ ಒಂದರ ಶಾಲೆಯ ಅಂಗಿ ಇನ್ನೂ ಅವಳ ಮನೆಯ ಗೂಟದಲ್ಲಿತ್ತು. ಗುಂಡಿ ಹಚ್ಚುವುದೊಂದು ಬಾಕಿ.

"ಓದಿ ಹೇಳ್ತೀನಿ ಕೇಳು ತಾಯಿ," ಎಂದಳು ಟಪಾಲಕ್ಕ. ಪುಟದ ನೆತ್ತಿಯ ಮೇಲೆ ನೀರಿನ ಇಲಾಖೆಯ ಹೆಸರು. ಅದರ ಕೆಳಗೆ ಅಡ್ಡಲಾಗಿ ಒಂದು ಪಟ್ಟಿ. "ತುರ್ತು ಪ್ರಕಟಣೆ. ಸೋಮವಾರ. ತಗ್ಗಿನ ಬೀದಿಯ ಟ್ಯಾಂಕ್ ಶುದ್ಧೀಕರಣದಲ್ಲಿದೆ. ಮುಂದಿನ ಆದೇಶದವರೆಗೆ ನೀರು ಬಿಡಕೂಡದು."

"ಸುಳ್ಳು," ಎಂದಳು ದರ್ಜಿ. "ನಮ್ಮವರು ಮೊಬೈಲಲ್ಲಿ ತಾಣ ನೋಡದೆ ಮನೆಯಿಂದ ಹೊರಡೋರೇ ಅಲ್ಲ. ಆವತ್ತು ನೋಡಿದ್ರು. ಏನೂ ಇರಲಿಲ್ಲ. ಆದ್ರೂ ಮನಸ್ಸು ತಡೀದೆ ಕಚೇರಿಗೆ ಫೋನ್ ಮಾಡಿದ್ರು. ಬಿಡಯ್ಯಾ, ಏನು ನಿನ್ನದು ದಿನಾ ರಾಗ, ಅಂದ್ರಂತೆ."

ಆ ಫೋನ್ ಎತ್ತಿದವರು ಯಾರೆಂದು ಈಗ ಕಚೇರಿಗೆ ನೆನಪಿಲ್ಲ. ಕಚೇರಿಗಳಿಗೆ ಬೇಕಾದಾಗ ಬರುವ ಮರೆವು ಅದು, ಅದಕ್ಕೆ ಔಷಧವಿಲ್ಲ.

ಇಲಾಖೆಯ ವಾದ ಸರಳ. ನಾವು ಸೋಮವಾರವೇ ಎಚ್ಚರಿಸಿದ್ದೆವು, ಅವನು ಓದಲಿಲ್ಲ. ನಂಬಿಕೆ ಬರದಿದ್ದರೆ ಗ್ರಂಥಾಲಯದ ಸಂಗ್ರಹ ನೋಡಿ; ಅದು ನಮ್ಮದಲ್ಲ, ಯಾರ ಪರವೂ ಅಲ್ಲ. ಸೋಮವಾರದ ಆ ಪ್ರತಿ ಅಸಲಿ ಎಂದು ಗ್ರಂಥಾಲಯ ಒಂದು ಪ್ರಮಾಣಪತ್ರ ಕೊಟ್ಟರೆ ಸಾಕು. ಮಧ್ಯಾಹ್ನ ನ್ಯಾಯಾಲಯ ಕೂತಾಗ ವಾಲ್ವ್‌ನವನ ಕಥೆ ಮುಗಿಯುತ್ತದೆ. ಪ್ರಮಾಣಪತ್ರ ಸಿದ್ಧವಾಗಿ ಮೇಜಿನ ಮೇಲಿತ್ತು. ಕಣಜದ ಮೇಡಂ ಸಹಿ ಮಾಡುವ ಜಾಗ ಮಾತ್ರ ಖಾಲಿ.

ಟಪಾಲಕ್ಕ ಚೀಲದಿಂದ ಒಂದು ಹಾಳೆ ತೆಗೆದು ಪರದೆಯ ಪಕ್ಕಕ್ಕೆ ಹಿಡಿದಳು. ನಿನ್ನೆ ಇದೇ ಕೋಣೆಯಲ್ಲಿ, ಇದೇ ಪುಟವನ್ನು ಅವಳು ಮುದ್ರಿಸಿಕೊಂಡಿದ್ದಳು.

"ನೋಡಿ ಮೇಡಂ."

ಹಾಳೆಯಲ್ಲಿ ಪಟ್ಟಿ ಕೆಂಪಗಿತ್ತು. ಪರದೆಯಲ್ಲಿ ನೀಲಿ.

"ಪ್ರಿಂಟರ್‌ನಲ್ಲಿ ಬಣ್ಣ ಹೆಚ್ಚು ಕಡಿಮೆ ಆಗುತ್ತೆ," ಎಂದಳು ಕಣಜದ ಮೇಡಂ.

"ಪ್ರಿಂಟರ್ ಮೇಲೆ ಹಾಕಬೇಡಿ ಪಾಪ, ಅದಕ್ಕೆ ಬಾಯಿಲ್ಲ. ಪಕ್ಕದಲ್ಲೇ ಇರೋ ಇಲಾಖೆ ಲಾಂಛನ ನೀಲಿ. ಅದು ನೀಲಿಯಾಗೇ ಬಂದಿದೆ. ಪಟ್ಟಿಗೆ ಮಾತ್ರ ಪ್ರಿಂಟರ್ ಕುಂಕುಮ ಹಚ್ಚಿತಾ?"



ಟಪಾಲಕ್ಕ ತನ್ನ ಮೊಬೈಲಿನಲ್ಲಿ ಇಲಾಖೆಯ ಇವತ್ತಿನ ತಾಣವನ್ನು ತೆರೆದು ಅದನ್ನೂ ಮೇಜಿನ ಮೇಲಿಟ್ಟಳು. ಅಲ್ಲೂ ಪಟ್ಟಿ ನೀಲಿ. "ಇವತ್ತು ಬೆಳಿಗ್ಗೆ ಬದಲಾಯಿಸಿದಾರೆ. ಕೆಂಪು ಬಣ್ಣ ನೋಡಿದ್ರೆ ನೊಂದವರಿಗೆ ಸಂಕಟ ಆಗುತ್ತಂತೆ. ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದಾರೆ."

"ನಮ್ಮ ಸಂಕಟಕ್ಕೆ ಬಣ್ಣ ಬಳಿದ್ರಾ," ಎಂದಳು ದರ್ಜಿ. "ದೊಡ್ಡ ಮನಸ್ಸು."

"ಅವರ ತಾಣ ಅವರಿಷ್ಟ, ಬಳಿದುಕೊಳ್ಳಲಿ. ನಿಮ್ಮ ಕಣಜದಲ್ಲಿರೋದು ಸೋಮವಾರದ ಪ್ರತಿ. ಅದಕ್ಕೆ ಬಣ್ಣ ಬಳಿದವರು ಯಾರು?" ಟಪಾಲಕ್ಕ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. "ಗೋಡೆ ಮೇಲಿರೋ ಫೋಟೋದಲ್ಲಿ ಸತ್ತ ಅಜ್ಜಿ ರಾತ್ರೋರಾತ್ರಿ ಸೀರೆ ಬದಲಾಯಿಸ್ತಾಳಾ ಮೇಡಂ?"

ಕಣಜದ ಮೇಡಂ ಮುಖದಲ್ಲಿ ಏನೋ ಸಡಿಲವಾಯಿತು. ಸಿಕ್ಕಿಬಿದ್ದವರ ಗಾಬರಿ ಅಲ್ಲ ಅದು. ಬಹಳ ಹೊತ್ತು ಹೊತ್ತ ಕೊಡವನ್ನು ಇಳಿಸಲು ಜಾಗ ಹುಡುಕುವವರ ದಣಿವು.

ಮೇಜಿನ ಹಿಂದಿನಿಂದ ಎರಡು ತಂತಿಗಳು ಗೋಡೆಯೊಳಕ್ಕೆ ಹೋಗಿದ್ದವು. ಒಂದು ಹಳದಿ, ಒಂದು ಬೂದು.

"ಹಳದಿ ಎಲ್ಲಿಗೆ?" ಕೇಳಿದಳು ಟಪಾಲಕ್ಕ.

"ಕಣಜಕ್ಕೆ. ಪಕ್ಕದ ಕೋಣೆ. ಪ್ರತಿಗಳೆಲ್ಲ ಅಲ್ಲಿವೆ."

"ಬೂದು?"

"ಹೊರಗಿನ ಜಾಲಕ್ಕೆ."

"ಸೋಮವಾರದ ಪುಟ ಕಣಜದಲ್ಲಿದ್ರೆ ಅದನ್ನ ತೆರೆಯೋಕೆ ಹಳದಿ ಒಂದೇ ಸಾಕಲ್ವಾ?"

"ಸಾಕು."

"ಬೂದು ತೆಗೀರಿ."

ಕಣಜದ ಮೇಡಂ ಕೈ ಮುಂದೆ ಹೋಯಿತು, ಅರ್ಧದಲ್ಲೇ ನಿಂತಿತು. ಟಪಾಲಕ್ಕ ಬಗ್ಗಿ ತಾನೇ ಎಳೆದುಬಿಟ್ಟಳು. ತಂತಿ ಸಣ್ಣಗೆ ಟಕ್ಕೆಂದು ಕಳಚಿಕೊಂಡಿತು.

"ಈಗ ಪುಟ ಮತ್ತೆ ತೆರೀರಿ."

ಪುಟ ತೆರೆಯಿತು. ಇಲಾಖೆಯ ಹೆಸರು ಬಂತು. ಲಾಂಛನ ಬಂತು. ನಲ್ಲಿ ತೆರಿಗೆ ಕಟ್ಟಿ, ನೀರು ಪೋಲು ಮಾಡಬೇಡಿ, ದೂರು ಸಲ್ಲಿಸಿ, ಎಲ್ಲವೂ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಪಟ್ಟಿ ಬರಲಿಲ್ಲ. ಅದರ ಜಾಗದಲ್ಲಿ ಅಂಚು ಕಟ್ಟಿದ ಖಾಲಿ ಚೌಕವೊಂದಿತ್ತು, ಹಲ್ಲು ಬಿದ್ದ ಬಾಯಿಯ ಹಾಗೆ.

ದರ್ಜಿ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡಳು.

"ಇದಕ್ಕೆ ನಾವು ಪ್ರೇತ ಅಂತೀವಿ," ಎಂದಳು ಕಣಜದ ಮೇಡಂ, ಪರದೆಯ ಕಡೆಗೇ ನೋಡುತ್ತಾ. "ಜೇಡ ಪುಟ ತರುತ್ತೆ. ಆದ್ರೆ ಕೆಲವು ಪುಟಗಳಲ್ಲಿ ಎಲ್ಲಾ ಒಳಗೇ ಇರಲ್ಲ. ಈ ಚೌಕದೊಳಗೆ ಹಾಕೋದನ್ನ ಆ ಕಡೆಯಿಂದ ತರಿಸಿಕೋ ಅಂತ ಬರೆದಿರುತ್ತೆ, ಅಷ್ಟೇ. ನಾವು ಹಳೇ ಪುಟ ತೆರೆದಾಗ ಅದು ಕಣಜದಲ್ಲಿ ಹುಡುಕುತ್ತೆ. ಸಿಗಲ್ಲ. ಆಗ ಹೊರಗೆ ಹೋಗಿ ಇವತ್ತಿನದನ್ನ ತಂದು ಹಾಕಿಕೊಳ್ಳುತ್ತೆ. ಹಳೇ ಮೈ ಮೇಲೆ ಇವತ್ತಿನದು ಬಂದು ಕೂರುತ್ತೆ."

"ಹಾಗೆ ಹೊರಗೆ ಹೋಗದ ಹಾಗೆ ಅಡ್ಡಗೋಡೆ ಹಾಕೋಕಾಗಲ್ವಾ?"

"ಹಾಕಿದ್ವಿ."

"ತೆಗೆದವರು?"

"ನಿರ್ದೇಶಕರು. ಹೊಸ ಓದುಕೋಣೆ ಉದ್ಘಾಟನೆಗೆ ಮಂತ್ರಿಗಳು ಬರೋರಿದ್ರು. ಹಳೇ ಪುಟಗಳಲ್ಲಿ ಅಲ್ಲಲ್ಲಿ ತೂತು ಕಾಣುತ್ತೆ, ನೋಡೋಕೆ ಚೆನ್ನಾಗಿರಲ್ಲ, ಗೋಡೆ ತೆಗೀರಿ ಅಂದ್ರು. ನಾನು ಬೇಡ ಅಂದೆ. ಆಮೇಲೆ ತೆಗೆದೆ. ಉದ್ಘಾಟನೆ ಆದ್ಮೇಲೆ ಮತ್ತೆ ಹಾಕೋಕೆ ಬಿಡಲಿಲ್ಲ."

ಮಂತ್ರಿಗಳು ಬಂದರು, ತೂತಿಲ್ಲದ ಪುಟ ನೋಡಿದರು, ಹಾರ ಹಾಕಿಸಿಕೊಂಡು ಹೋದರು. ಆ ತೂತು ಮುಚ್ಚಿದ ಸುಳ್ಳು ಈಗ ಒಬ್ಬ ಮನುಷ್ಯನ ಕೊರಳಿಗೆ ಬಂದು ನಿಂತಿತ್ತು.

"ಅಂದ್ರೆ ಸೋಮವಾರ ಪ್ರಕಟಣೆ ಇರಲೇ ಇಲ್ಲ," ಎಂದಳು ದರ್ಜಿ. "ನಮ್ಮವರು ಹೇಳಿದ್ದು ನಿಜ. ಅಲ್ವಾ ಅಕ್ಕಾ? ಇದನ್ನ ಹೀಗೇ ತೋರಿಸಿದ್ರೆ ಸಾಕಲ್ವಾ?"

ಟಪಾಲಕ್ಕ ಕಣಜದ ಮೇಡಂ ಕಡೆ ನೋಡಿದಳು.

"ಸಾಲದು ಅಮ್ಮ," ಎಂದಳು ಕಣಜದ ಮೇಡಂ. "ಪಟ್ಟಿ ಇವತ್ತಿನದು ಅಂತ ಮಾತ್ರ ಇದು ಹೇಳುತ್ತೆ. ಸೋಮವಾರ ಆ ಚೌಕದಲ್ಲಿ ಏನಿತ್ತು ಅಂತ ಹೇಳಲ್ಲ. ಅದರೊಳಗೆ ಇಳಿಯೋಕೆ ಸೋಮವಾರದ ಜೇಡಕ್ಕೆ ಬರಲ್ಲ. ಏನೂ ಇಲ್ಲದೆ ಇದ್ದಿರಬಹುದು. ಇದೇ ಪ್ರಕಟಣೆ ಇದ್ದಿರಲೂಬಹುದು. ಇಲಾಖೆಯವರು ಹಾಗೇ ವಾದಿಸ್ತಾರೆ."

ದರ್ಜಿಯ ಮುಖದಲ್ಲಿ ಆಗಷ್ಟೇ ಹತ್ತಿದ್ದ ದೀಪ ಆರಿತು. ಸುಳ್ಳು ಸಾಕ್ಷಿ ಹೋಗಿ ಮೂಕ ಸಾಕ್ಷಿ ಬಂದಿತ್ತು. ಅದನ್ನು ಕಟ್ಟಿಕೊಂಡು ಅವಳೇನು ಮಾಡಬೇಕು?

ಅವಳು ಕಣಜದ ಮೇಡಂ ಮುಖವನ್ನೇ ದಿಟ್ಟಿಸುತ್ತಿದ್ದಳು. ಅಳತೆ ತೆಗೆಯುವಾಗ ನೋಡುವ ಹಾಗೆ, ನಿಧಾನವಾಗಿ.

"ನೀವು ನಮ್ಮ ಬೀದಿಗೆ ಬಂದಿದ್ರಿ," ಎಂದಳು.

ಕಣಜದ ಮೇಡಂ ಕೈ ದಾರದ ಮೇಲೆ ನಿಂತಿತು.

"ಮಕ್ಕಳು ಹೋದ ಮಾರನೇ ದಿನ. ಬುಧವಾರ. ಕಪ್ಪು ಕೊಡೆ ಹಿಡ್ಕೊಂಡು ನನ್ನ ಬಾಗಿಲಲ್ಲೇ ನಿಂತಿದ್ರಿ. ಮೊಬೈಲಲ್ಲಿ ತೆಗೆದಿರೋ ಫೋಟೋ, ವಿಡಿಯೋ ಇದ್ರೆ ಗ್ರಂಥಾಲಯಕ್ಕೆ ಕೊಡ್ತೀರಾ, ನಾಳೆ ಎಲ್ಲಾ ಅಳಿಸಿ ಹೋಗುತ್ತೆ, ನಾವು ಕಾಪಾಡಿ ಇಡ್ತೀವಿ ಅಂದ್ರಿ. ಅಕ್ಕಪಕ್ಕದವರು ಬೈದು ಕಳಿಸಿದ್ರು. ನಾನು ಕೊಟ್ಟೆ. ನಲ್ಲೀಲಿ ನೊರೆ ಬರ್ತಿದ್ದಿದ್ದು ನನ್ನ ಮೊಬೈಲಲ್ಲಿತ್ತು, ಅದನ್ನ ಕೊಟ್ಟೆ."

"ಕೊಟ್ರಿ," ಎಂದಳು ಕಣಜದ ಮೇಡಂ, ಕೇಳಿಸದಷ್ಟು ಮೆಲ್ಲಗೆ.

ಟಪಾಲಕ್ಕನ ಬೆನ್ನು ನೆಟ್ಟಗಾಯಿತು. ನಿನ್ನೆ ಕಾಯುತ್ತಾ ಕೂತಾಗ ಹೊರಗಿನ ಗೋಡೆಯ ಮೇಲಿನ ಫಲಕವನ್ನು ಅವಳು ಓದಿದ್ದಳು. ಬಸ್ ಮುಷ್ಕರದ ಸಂಗ್ರಹ. ಗಿರಣಿ ಬೆಂಕಿಯ ಸಂಗ್ರಹ. ಚುನಾವಣೆಯ ಸಂಗ್ರಹ. ಊರಲ್ಲಿ ದೊಡ್ಡದೇನಾದರೂ ಆದರೆ ಸೋಮವಾರದವರೆಗೆ ಕಾಯದೆ ಜೇಡವನ್ನು ಕೂಡಲೇ ಕಳಿಸುತ್ತಾರೆ.

"ಮೇಡಂ," ಎಂದಳು. "ಬುಧವಾರ ಫೋಟೋ ಕೇಳಿಕೊಂಡು ಬೀದಿಗೇ ಹೋದವರು ನೀವು. ಅದೇ ದಿನ ಇಲಾಖೆಯ ತಾಣಕ್ಕೆ ಜೇಡನ್ನ ಕಳಿಸದೆ ಬಿಟ್ರಾ?"

"ಫಲಕದಲ್ಲಿ ಅಂಥ ಸಂಗ್ರಹ ಇಲ್ಲ."

"ಫಲಕದಲ್ಲಿ ಇಲ್ಲ ಅಂತ ನನಗೂ ಗೊತ್ತು. ನಾನು ಕೇಳಿದ್ದು ಅದಲ್ಲ."



ಟಪಾಲಕ್ಕ ಹಾಳೆಯನ್ನು ಮತ್ತೆ ಎತ್ತಿಕೊಂಡಳು. ಕೆಂಪು ಪಟ್ಟಿಯ ಮೂಲೆಯಲ್ಲಿ ಒಂದು ಪುಟ್ಟ ನೀರಿನ ಹನಿಯ ಚಿತ್ರವಿತ್ತು. ಹನಿಯ ತುದಿ ನೆಟ್ಟಗಿರಲಿಲ್ಲ. ಗಾಳಿಗೆ ವಾಲಿದ ಹಾಗೆ ಎಡಕ್ಕೆ ಬಾಗಿತ್ತು. ಅವಳು ಹಾಳೆಯನ್ನು ಮೇಜಿನ ಮೂಲೆಗೆ ಒಯ್ದಳು. ಅಲ್ಲಿ ಕಣಜದ ಮೇಡಂ ನೀರಿನ ಬಾಟಲಿಯಿತ್ತು. ಬಾಟಲಿಯ ಹೊಟ್ಟೆಯ ಮೇಲೆ ಯಾರೋ ಬಣ್ಣದಲ್ಲಿ ಒಂದು ಹನಿ ಬರೆದಿದ್ದರು. ಎಡಕ್ಕೆ ಬಾಗಿದ ತುದಿ. ಕೆಳಗೆ ಮಗುವಿನ ಅಕ್ಷರದಲ್ಲಿ: ಅಮ್ಮಂದು.

"ಅಕ್ಷರ ಮಗುವಿಂದು. ಹನಿ ಬರೆದವರು ಯಾರು?"

ಕಣಜದ ಮೇಡಂ ಬಾಟಲಿಯನ್ನು ತನ್ನ ಕಡೆಗೆಳೆದುಕೊಂಡಳು. ಎಳೆದುಕೊಂಡ ಮೇಲೆ, ಎಳೆದುಕೊಳ್ಳಬಾರದಿತ್ತು ಎಂದು ಹೊಳೆಯಿತೇನೋ. ಹಾಗೇ ಹಿಡಿದು ಕೂತಳು.

"ನಮ್ಮ ಮನೆಯವರು," ಎಂದಳು. "ಎಡಗೈಯವರು. ಅವರು ಏನು ಬರೆದ್ರೂ ಹಾಗೇ ವಾಲುತ್ತೆ. ಇಲಾಖೆಯ ತಾಣ ನೋಡಿಕೊಳ್ಳೋದು ಅವರೇ. ಮೇಲಿನವರು ಇದು ಹಾಕು ಅಂದ್ರೆ ಹಾಕಬೇಕು, ಅದು ತೆಗಿ ಅಂದ್ರೆ ತೆಗೀಬೇಕು."

"ಹಳೇ ತಾರೀಖು ಹಾಕು ಅಂದ್ರೆ?"

"ಅದನ್ನ ಅವರು ನನಗೆ ಹೇಳಿಲ್ಲ. ನಾನು ಕೇಳಿಲ್ಲ. ಈ ಪಟ್ಟಿ ನೋಡಿದ ದಿನಾನೇ ಹನಿ ಗುರುತು ಹಿಡಿದೆ. ಆಮೇಲಿಂದ ಮನೇಲಿ ಇಬ್ಬರೂ ಮಗಳ ಹೋಂವರ್ಕ್ ಬಗ್ಗೆ ಮಾತ್ರ ಮಾತಾಡ್ತೀವಿ."

"ನಮ್ಮ ಬೀದಿ ಅತ್ತಿದ್ದು ಬೇಕಿತ್ತು ನಿಮಗೆ," ಎಂದಳು ದರ್ಜಿ. ಅವಳು ಕೂಗಲಿಲ್ಲ. ಕೂಗಿದ್ದರೆ ಸಹಿಸಬಹುದಿತ್ತು. "ಅಳೋದನ್ನ ಕಾಪಾಡಿ ಇಡ್ತೀರಿ. ಅಳಿಸಿದ್ದು ಯಾರು ಅನ್ನೋದನ್ನ ಮುಚ್ಚಿ ಇಡ್ತೀರಿ. ನಿಮ್ಮದು ಎಂಥ ಕಣಜ ರೀ? ನಾನು ಕೊಟ್ಟ ವಿಡಿಯೋ ವಾಪಸ್ ಕೊಡಿ. ನನಗೆ ಅದೊಂದು ಸಾಕು."

ಕಣಜದ ಮೇಡಂ ಎದ್ದಳು. ಹೊರಗೆ ಹೋಗುತ್ತಾಳೇನೋ ಎಂದು ಟಪಾಲಕ್ಕ ಬಾಗಿಲ ಕಡೆ ಹೆಜ್ಜೆಯಿಟ್ಟಳು. ಆದರೆ ಅವಳು ಹೋದದ್ದು ಪಕ್ಕದ ಯಂತ್ರದ ಬಳಿಗೆ. ಅದಕ್ಕೆ ಬೂದು ತಂತಿಯೇ ಇರಲಿಲ್ಲ.

ಕೊರಳ ದಾರದಲ್ಲಿ ಗುರುತಿನ ಚೀಟಿಯ ಹಿಂದೆ ಬೆರಳಗಲದ ಲೋಹದ ಕೀಲಿಯೊಂದಿತ್ತು. ಅದನ್ನು ಯಂತ್ರದ ಕಿಂಡಿಗೆ ಚುಚ್ಚಿದಳು.

"ಕಳಿಸಿದ್ದೆ," ಎಂದಳು. "ಬುಧವಾರ ಮಧ್ಯಾಹ್ನ. ಸೋಮವಾರದ ಜೇಡ ಅಲ್ಲ, ಇನ್ನೊಂದಿದೆ. ನಿಧಾನ, ಆದ್ರೆ ಕಣ್ಣಿದೆ ಅದಕ್ಕೆ. ಮನುಷ್ಯರು ಪುಟ ತೆರೆದು ನೋಡೋ ಹಾಗೇ ತೆರೆಯುತ್ತೆ, ಎಲ್ಲಾ ಬರೋವರೆಗೂ ಕಾಯುತ್ತೆ, ಚೌಕದೊಳಗೂ ಇಳಿಯುತ್ತೆ. ತಂದದ್ದಕ್ಕೆ ಅಲ್ಲೇ ಬೆರಳಚ್ಚು ಒತ್ತುತ್ತೆ. ಆಮೇಲೆ ಒಂದು ಚುಕ್ಕೆ ಬದಲಾದ್ರೂ ಬೆರಳಚ್ಚು ಹೊಂದಲ್ಲ. ಇದನ್ನ ನಾನು ಪ್ರಕಟಿಸಲಿಲ್ಲ. ಪರಿಶೀಲನೆಯಲ್ಲಿದೆ ಅಂತ ಬರೆದು ಒಳಗಿಟ್ಟೆ. ಯಾರಾದ್ರೂ ಕೇಳಲಿ ಅಂತ ಕಾಯ್ತಿದ್ದೆನೋ, ಕೇಳದಿರಲಿ ಅಂತ ಕಾಯ್ತಿದ್ದೆನೋ, ಗೊತ್ತಿಲ್ಲ."

ಪುಟ ತೆರೆಯಿತು. ಇಲಾಖೆಯ ಹೆಸರು. ಲಾಂಛನ. ಮೇಲೆ ಬುಧವಾರದ ತಾರೀಖು. ಅದರ ಕೆಳಗೆ ಚೌಕ.

ಚೌಕ ಖಾಲಿಯಿರಲಿಲ್ಲ. ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ದರ್ಜಿ ಪರದೆಗೆ ಮುಖವಿಟ್ಟು, ಸೂಜಿಗೆ ದಾರ ಪೋಣಿಸುವವಳಂತೆ ಕಣ್ಣು ಕಿರಿದು ಮಾಡಿ, ಒಂದೊಂದೇ ಪದ ಓದಿದಳು.

"ಇಂದು... ಯಾವುದೇ... ಪ್ರಕಟಣೆ... ಇಲ್ಲ."



"ಮಣ್ಣು ಮಾಡಿ ಬಂದ ದಿನ," ಎಂದಳು ದರ್ಜಿ. "ಆವತ್ತೂ ಇಲ್ಲ."

"ಆವತ್ತು ಇರಲಿಲ್ಲ. ಆಮೇಲೆ ಬಂತು, ಸೋಮವಾರದ ತಾರೀಖು ಹೊತ್ತುಕೊಂಡು," ಎಂದಳು ಟಪಾಲಕ್ಕ. "ಮೇಡಂ, ಇದರದ್ದೊಂದು ಪ್ರತಿ, ಬೆರಳಚ್ಚಿನ ಜೊತೆ. ಈಗಲೇ."

"ತಂತಿ ಯಾರು ಕಿತ್ತಿದ್ದು?"

ಬಾಗಿಲಲ್ಲಿ ನಿರ್ದೇಶಕರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಮಡಿಸಿದ ಕಾಗದ. ನೋಡಿದವರಿಗೆ ಸಿಟ್ಟಿನ ಮನುಷ್ಯ ಅನ್ನಿಸುವುದಿಲ್ಲ. ಸಿಟ್ಟು ಮಾಡುವ ಅಗತ್ಯವೇ ಬೀಳದ ಹಾಗೆ ಇಡೀ ಬದುಕನ್ನು ಜೋಡಿಸಿಕೊಂಡವರು.

"ನಾನು ಸಾರ್," ಎಂದಳು ಟಪಾಲಕ್ಕ. "ಕಾಲಿಗೆ ಸಿಕ್ಕಿತು."

"ನೀವು ಹೊರಗೆ ಕೂತಿರಿ. ಈಕೇನೂ ಕರ್ಕೊಂಡು ಹೋಗಿ. ಇದು ಸಾರ್ವಜನಿಕರ ಜಾಗ ಅಲ್ಲ."

"ಬಾಗಿಲ ಮೇಲೆ ಸಾರ್ವಜನಿಕ ಗ್ರಂಥಾಲಯ ಅಂತಿದೆ," ಎಂದಳು ದರ್ಜಿ. "ನಾನು ಸಾರ್ವಜನಿಕಳು."

ನಿರ್ದೇಶಕರು ಅವಳ ಕಡೆ ನೋಡಲೂ ಇಲ್ಲ. ಪರದೆಯನ್ನು ನೋಡಿದರು. ಬುಧವಾರದ ಪುಟ ಅಲ್ಲೇ ಇತ್ತು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಟಪಾಲಕ್ಕ ಅದನ್ನು ಗಮನಿಸಿದಳು.

"ಒಳ್ಳೇದೇ ಆಯ್ತು, ಹುಡುಕೋದು ತಪ್ಪಿತು," ಎಂದರು ನಿರ್ದೇಶಕರು. "ನೋಡಮ್ಮ, ಇಲಾಖೆಯಿಂದ ಕೋರಿಕೆ ಬಂದಿದೆ. ಅವರ ತಾಣದ ಪುಟಗಳನ್ನ ಬುಧವಾರ ಅವರ ಅನುಮತಿ ಇಲ್ಲದೆ ತಗೊಂಡಿದೀವಂತೆ. ತೆಗೆದುಹಾಕಿ ಅಂತಿದಾರೆ. ಅಳಿಸೋದಕ್ಕೆ ಎರಡು ಕೀಲಿ ಬೇಕು. ನನ್ನದು ತಂದಿದೀನಿ. ನಿಮ್ಮದು ಹೇಗೂ ಹಾಕೇ ಇದೆ."

ಒಬ್ಬರ ತಪ್ಪಿಗೋ ಒಬ್ಬರ ಹೆದರಿಕೆಗೋ ಕಣಜ ಬರಿದಾಗಬಾರದು ಎಂದು ಮಾಡಿಟ್ಟ ಏರ್ಪಾಡು ಅದು. ಇಬ್ಬರ ಕೀಲಿಯೂ ಒಟ್ಟಿಗೆ ತಿರುಗದೆ ಏನನ್ನೂ ಅಳಿಸಲಾಗದು.

ಕಣಜದ ಮೇಡಂ ತನ್ನ ಕೀಲಿಯನ್ನು ಕಿಂಡಿಯಿಂದ ಹೊರಗೆಳೆದುಕೊಂಡಳು. ಪರದೆ ಕಪ್ಪಾಯಿತು.

"ಸಾರ್," ಎಂದಳು. "ಬುಧವಾರದ ಸಂಗ್ರಹ ಪ್ರಕಟ ಆಗಿಲ್ಲ. ಫಲಕದಲ್ಲಿಲ್ಲ, ನಿಮ್ಮ ವರದಿಯಲ್ಲೂ ಇಲ್ಲ. ಅದು ಇದೆ ಅಂತ ಇಲಾಖೆಗೆ ಹೇಗೆ ಗೊತ್ತಾಯ್ತು?"

"ಅದು ಈಗ ಮುಖ್ಯ ಅಲ್ಲ."

"ನಾನು ಒಬ್ಬರಿಗೆ ಮಾತ್ರ ಹೇಳಿದ್ದೆ. ಬುಧವಾರ ರಾತ್ರಿ, ಊಟಕ್ಕೆ ಕೂತಾಗ."

"ಹೌದಲ್ಲ," ಎಂದರು ನಿರ್ದೇಶಕರು, ಮೃದುವಾಗಿ. "ಅವರೇ ಹೇಳಿದ್ದು. ಕಿಟಕಿಯಿಂದ ನೋಡಿ."

ಕೆಳಗೆ, ಗ್ರಂಥಾಲಯದ ಮೆಟ್ಟಿಲ ಎದುರಿಗೆ ಇಲಾಖೆಯ ಬಿಳಿ ಕಾರು ನಿಂತಿತ್ತು. ಮುಂದೆ ಇಬ್ಬರು. ಹಿಂದಿನ ಕಿಟಕಿ ಅರ್ಧ ಇಳಿದಿತ್ತು. ಅದರ ಅಂಚಿನ ಮೇಲೆ ಒಂದು ಎಡಗೈ. ಬೆರಳುಗಳು ಗಾಜಿನ ಮೇಲೆ ಏನನ್ನೋ ಬರೆಯುತ್ತಿದ್ದವು, ಅಳಿಸುತ್ತಿದ್ದವು.

"ನಿಮ್ಮ ಮನೆಯವರು ಒಳ್ಳೆ ಮನುಷ್ಯ," ಎಂದರು ನಿರ್ದೇಶಕರು. "ಕೀಲಿ ತಿರುಗಿದ್ರೆ, ಪ್ರಮಾಣಪತ್ರಕ್ಕೆ ಸಹಿ ಬಿದ್ರೆ, ಇನ್ನರ್ಧ ಗಂಟೇಲಿ ಮನೆಗೆ ಹೋಗ್ತಾರೆ. ಇಲ್ಲಾಂದ್ರೆ ನೇರ ಠಾಣೆಗೆ. ಪ್ರಕಟಣೆಗೆ ಹಳೇ ತಾರೀಖು ಹಾಕಿದ್ದು ತಾನೇ, ಯಾರೂ ಹೇಳಿರಲಿಲ್ಲ ಅಂತ ಬರೆದುಕೊಡ್ತಾರೆ. ಕಾಗದ ಸಿದ್ಧವಾಗಿದೆ. ಮಗಳು ಇನ್ನೂ ಚಿಕ್ಕವಳು, ಅಲ್ವಾ?"

"ವಾಲ್ವ್ ತಿರುಗಿಸಿದವನು ಆಯ್ತು, ಈಗ ಪಟ್ಟಿ ಅಂಟಿಸಿದವನು," ಎಂದಳು ಟಪಾಲಕ್ಕ. "ಕೈಗಳನ್ನೆಲ್ಲ ಜೈಲಿಗೆ ಕಳಿಸ್ತಾ ಹೋಗ್ತೀರಿ. ಆ ಬಾಯಿ ಎಲ್ಲಿದೆ ಸಾರ್? ಬಿಡು ಅಂದ ಬಾಯಿ?"

"ನಾನು ನನ್ನ ಸಿಬ್ಬಂದಿ ಜೊತೆ ಮಾತಾಡ್ತಿದೀನಿ."

ಕಣಜದ ಮೇಡಂ ಮೊಬೈಲ್ ಹೊಡೆದುಕೊಂಡಿತು. ಅವಳು ಕಿಟಕಿಯ ಬಳಿಯಿಂದ ಕದಲದೆ ಕಿವಿಗಿಟ್ಟುಕೊಂಡಳು. ಗಂಡನ ದನಿ. ನಿಶ್ಶಬ್ದ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

"ಕೊಟ್ಟುಬಿಡು ಅಂತ ಹೇಳು ಅಂತಿದಾರೆ."

"ನೀವೇನು ಹೇಳ್ತೀರಿ ರೀ?"

ಆ ಕಡೆ ಯಾರೋ ಗದರಿದರು. ಬಟ್ಟೆ ಸರಿದಾಡಿದ ಸದ್ದು. ಕೆಳಗೆ ಎಡಗೈ ಕಿಟಕಿಯಿಂದ ಮಾಯವಾಯಿತು, ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ. ಗಾಜು ಮೇಲೇರಿತು.

"ಮಗಳನ್ನ ಶಾಲೆಯಿಂದ ನೀನೇ ಕರ್ಕೊಂಡು ಬಾ ಇವತ್ತು," ಎಂದಿತು ದನಿ. "ನಾನು..."

ಫೋನ್ ಕಡಿಯಿತು.

ನಿರ್ದೇಶಕರು ಅಂಗೈ ಚಾಚಿದರು. ತುಂಬಾ ಸ್ವಚ್ಛವಾದ ಅಂಗೈ.

"ಕೀಲಿ, ಅಮ್ಮ. ತಡವಾಗ್ತಿದೆ."

ಕಣಜದ ಮೇಡಂ ಕೊರಳಿನಿಂದ ದಾರವನ್ನು ತೆಗೆದಳು. ಟಪಾಲಕ್ಕ ಬಾಯಿ ತೆರೆದವಳು ಮುಚ್ಚಿಕೊಂಡಳು. ಕೆಲವು ಮಾತನ್ನು ಇನ್ನೊಬ್ಬರ ಪರವಾಗಿ ಆಡಲಾಗುವುದಿಲ್ಲ.

ಕಣಜದ ಮೇಡಂ ಗುರುತಿನ ಚೀಟಿಯನ್ನು ದಾರದಿಂದ ಬಿಚ್ಚಿ ನಿರ್ದೇಶಕರ ಅಂಗೈಯಲ್ಲಿಟ್ಟಳು. ಅದರಲ್ಲಿ ಅವಳ ಫೋಟೋ ಇತ್ತು, ಹುದ್ದೆ ಇತ್ತು. ಮೇಜಿನ ಮೇಲಿನ ಪ್ರಮಾಣಪತ್ರವನ್ನು ಮಡಿಸಿ ಅದರ ಮೇಲಿಟ್ಟಳು, ಸಹಿಯಿಲ್ಲದೆ. ದಾರದಲ್ಲಿ ಉಳಿದ ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿದ್ದಳು. ಕೆಳಗೆ ಕಾರು ಶುರುವಾದ ಸದ್ದು ಅವಳಿಗೂ ಕೇಳಿಸಿತು. ಮುಷ್ಟಿ ಬಿಚ್ಚಲಿಲ್ಲ.

"ಇದನ್ನ ಕೊಡಲ್ಲ ಸಾರ್," ಎಂದಳು.